ಖಾಲಿ ಬೆಂಚುಗಳೂ ಗುರಿಕಾರನ ಪುಸ್ತಕವೂ

ನಮ್ಮ ವಾಳೆಗೆ ಗುರಿಕಾರನಾಗಲು ನಾನು ಒಪ್ಪಿದ್ದು ಬೇರೆ ಯಾರೂ ಒಪ್ಪದಿದ್ದ ಕಾರಣಕ್ಕೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕರಿಗೆ ಈ ವ್ಯವಸ್ಥೆ ಹಳೆಯದು. ಧರ್ಮಕೇಂದ್ರವನ್ನು, ಅಂದರೆ ಒಂದು ಚರ್ಚಿಗೆ ಸೇರಿದ ಮನೆಗಳನ್ನು, ವಾಳೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಗುರಿಕಾರನನ್ನು ಆರಿಸುತ್ತಾರೆ. ವಂತಿಗೆ ಎತ್ತುವುದು, ಚರ್ಚಿನ ಸೂಚನೆಗಳನ್ನು ಮನೆಗಳಿಗೆ ಮುಟ್ಟಿಸುವುದು, ಮದುವೆಗೂ ಸಾವಿಗೂ ಮುಂದೆ ನಿಲ್ಲುವುದು ಅವನ ಕೆಲಸ. ನನ್ನ ಪಾಲಿಗೆ ಇನ್ನೊಂದು ಕೆಲಸವೂ ಸೇರಿಕೊಂಡಿತು. ಭಾನುವಾರದ ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ಬರುವವರು ಕಡಿಮೆಯಾಗುತ್ತಿದ್ದಾರೆ, ನಿಮ್ಮ ವಾಳೆಯವರನ್ನು ಕರೆತನ್ನಿ ಎಂದರು ಫಾದರ್.

ನಮ್ಮದು ಹೊಸನಗರ ತಾಲ್ಲೂಕಿನ ಕಾಡಂಚು. ಇಲ್ಲಿನ ಕ್ರೈಸ್ತರಲ್ಲಿ ಕೆಲವರ ಅಜ್ಜಂದಿರು ಹುಲಿಕಲ್ ಘಾಟಿಯಲ್ಲಿ ನಡೆದು ಬಂದು ಅಡಿಕೆ ತೋಟಗಳಲ್ಲಿ ದುಡಿದವರು. ಇನ್ನು ಕೆಲವರು ಶರಾವತಿ, ವಾರಾಹಿ ವಿದ್ಯುತ್ ಯೋಜನೆಗಳ ಕಾಲದಲ್ಲಿ ಬಡಗಿ, ಗಾರೆ, ಚಾಲಕ ಕೆಲಸಕ್ಕೆಂದು ಕರಾವಳಿಯಿಂದಲೂ ತಮಿಳುನಾಡು, ಕೇರಳದಿಂದಲೂ ಬಂದವರು. ಅಣೆಕಟ್ಟು ಮುಗಿಯಿತು, ಕಾಲೊನಿಗಳು ಖಾಲಿಯಾದವು. ಉಳಿದವರ ಮಕ್ಕಳು ಓದಿ ಬೆಂಗಳೂರು, ಮಂಗಳೂರು, ದುಬೈ ಸೇರಿದರು. ಬೆಂಚುಗಳು ಖಾಲಿಯಾಗಲು ಅರ್ಧ ಕಾರಣ ಇಷ್ಟೇ. ಊರಿನ ಸರ್ಕಾರಿ ಶಾಲೆಯ ಬೆಂಚುಗಳೂ ಖಾಲಿಯಾಗಿವೆ. ಅದಕ್ಕೆ ಯಾರೂ ವಿಶ್ವಾಸದ ಕೊರತೆ ಎನ್ನುವುದಿಲ್ಲ.

ಉಳಿದರ್ಧ ಕಾರಣವೇನೆಂದು ತಿಳಿಯಲು ನಾನು ಒಂದು ನೋಟುಪುಸ್ತಕ ಮಾಡಿದೆ. ಎಡಗಡೆ ಮನೆಯ ಹೆಸರು, ಬಲಗಡೆ ಆ ಮನೆಯವರು ಬಾರದಿರುವ ಕಾರಣ. ಬಂದವರ ತಲೆ ಎಣಿಸುವ ಲೆಕ್ಕ ಹೇಗೂ ಚರ್ಚಿನಲ್ಲಿತ್ತು. ಬಾರದವರ ಬಗ್ಗೆ ಯಾರ ಬಳಿಯೂ ಒಂದು ಸಾಲಿನ ಬರಹವಿರಲಿಲ್ಲ.

ಬಲಗಡೆ ತುಂಬುತ್ತಾ ಹೋದಂತೆ ಚಿತ್ರ ತಿಳಿಯಾಯಿತು. ಮೊದಲನೆಯದು ಮೊಣಕಾಲು ಮತ್ತು ದಾರಿ. ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜೂನ್ ಬಂತೆಂದರೆ ಹಳ್ಳ ದಾಟಿ, ಇಲ್ಲದ ಬಸ್ಸಿಗೆ ಕಾಯಬೇಕಾದ ಮುದುಕರು ಮನೆಯಲ್ಲೇ ಜಪಸರ ಹಿಡಿದು ಕೂರುತ್ತಾರೆ. ಎರಡನೆಯದು ಅಡಿಕೆ. ನವೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು, ಸುಲಿತ, ಬೇಯಿಸುವುದು. ಗೊನೆ ಇಳಿದ ಮೇಲೆ ಹಸಿ ಅಡಿಕೆ ಭಾನುವಾರವೆಂದು ಕಾಯುವುದಿಲ್ಲ. ಮೂರನೆಯದು ನನಗೆ ಅನಿರೀಕ್ಷಿತ: ಬಾಕಿ ವಂತಿಗೆ. ಎರಡು ವರ್ಷ ವಂತಿಗೆ ಕೊಡಲಾಗದ ಮನೆಯವರು ಎದುರಾದರೆ ಕೇಳುತ್ತಾರೆಂಬ ಹೆದರಿಕೆಯಿಂದ ಹಿಂದಿನ ಬೆಂಚಿಗೆ ಸರಿದಿದ್ದರು, ಆಮೇಲೆ ಬೆಂಚನ್ನೇ ಬಿಟ್ಟಿದ್ದರು. ನಾಲ್ಕನೆಯದು ಜಗಳ. ಹಬ್ಬದ ಮೆರವಣಿಗೆಯಲ್ಲಿ ಯಾರು ಮುಂದೆ, ಗಾಯನ ತಂಡದಿಂದ ಯಾರ ಮಗಳನ್ನು ಬಿಟ್ಟರು ಇತ್ಯಾದಿ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲ ಊರಿನಲ್ಲೂ ಇದೇ ಜಗಳ, ಹೆಸರು ಮಾತ್ರ ಬೇರೆ.

ದೇವರೇ ಇಲ್ಲ ಎಂದು ಬಿಟ್ಟವರು? ಇಡೀ ಪುಸ್ತಕದಲ್ಲಿ ಒಬ್ಬರೋ ಇಬ್ಬರೋ. ಅವರು ವಾದಕ್ಕೂ ಚಹಾಕ್ಕೂ ಸದಾ ಸಿದ್ಧರಿರುವವರು, ಸುಲಭದ ಜನ. ಹಾಗಾಗಿ ಜನರಲ್ಲಿ ಭಕ್ತಿ ಬತ್ತಿಹೋಗಿದೆ ಎಂಬ ಪ್ರಸಂಗ (ಪೂಜೆಯ ನಡುವಿನ ಉಪದೇಶ) ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಪ್ರಸಂಗವನ್ನು ಕೇಳಿಸಿಕೊಳ್ಳುವವರು ಹೇಗೂ ಬಂದು ಕೂತವರೇ.

ಕೆಲಸ ಶುರುವಾದದ್ದು ರಸೀದಿ ಪುಸ್ತಕವನ್ನು ಕೈಬಿಡುವುದರಿಂದ. ಗುರಿಕಾರ ಅಂಗಳಕ್ಕೆ ಬಂದನೆಂದರೆ ದುಡ್ಡಿಗೆ ಬಂದ ಎಂದೇ ಅರ್ಥವಾಗಿಹೋಗಿತ್ತು. ವಂತಿಗೆಯ ಕೆಲಸವನ್ನು ವಾಳೆಯ ಇನ್ನೊಬ್ಬರಿಗೆ ಒಪ್ಪಿಸಿ, ಬಾಕಿಯವರ ವಿಷಯವನ್ನು ಫಾದರ್ ಜೊತೆ ಮಾತ್ರ ಮಾತನಾಡಿ ಬಗೆಹರಿಸಿಕೊಳ್ಳುವಂತೆ ಮಾಡಿದೆವು. ನಾನು ಬರಿಗೈಯಲ್ಲಿ ಹೋಗತೊಡಗಿದೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ: ಚರ್ಚಿಗೆ ಯಾಕೆ ಬರಲಿಲ್ಲ ಎಂದು ಕೇಳಬಾರದು. ಕೇಳದಿದ್ದರೆ ಅವರೇ ಹೇಳುತ್ತಾರೆ, ಎರಡನೇ ಲೋಟ ಕಾಫಿಯ ಹೊತ್ತಿಗೆ.

ಆಮೇಲೆ ವಾಳೆಯ ಕೂಟ. ಕಿರು ಕ್ರೈಸ್ತ ಸಮುದಾಯ ಎಂಬ ಹೆಸರಿನಲ್ಲಿ ಇದು ಎಲ್ಲ ಧರ್ಮಪ್ರಾಂತ್ಯಗಳಲ್ಲೂ (ಬಿಷಪರ ಆಡಳಿತ ಪ್ರದೇಶಗಳಲ್ಲೂ) ಕಾಗದದ ಮೇಲೆ ಇರುತ್ತದೆ. ನಮ್ಮಲ್ಲಿಯೂ ಇತ್ತು, ಆದರೆ ಊಟದ ಪೈಪೋಟಿಯಲ್ಲಿ ಸತ್ತಿತ್ತು. ಒಂದು ಮನೆಯಲ್ಲಿ ಚಹಾ ಬಿಸ್ಕತ್ತು, ಮುಂದಿನ ಮನೆಯಲ್ಲಿ ಕೋಳಿ ಸುಕ್ಕ, ಅದರ ಮುಂದಿನ ಮನೆಯವರಿಗೆ ಅಷ್ಟು ಮಾಡಲಾಗದೆ ಆ ತಿಂಗಳು ಅವರಿಗೆ ಜ್ವರ. ಈಗ ಎಲ್ಲರ ಮನೆಯಲ್ಲೂ ಕಪ್ಪು ಕಾಫಿ, ಅವಲಕ್ಕಿ. ಅದಕ್ಕಿಂತ ಹೆಚ್ಚು ಇಟ್ಟರೆ ಯಾರೂ ಮುಟ್ಟುವಂತಿಲ್ಲ. ಈ ಒಂದು ಕಟ್ಟಳೆಯಿಂದ ಕೂಟ ಎಲ್ಲಕ್ಕಿಂತ ಬಡವರ ಮನೆಗೂ ತಲುಪಿತು. ಪಕ್ಕದ ಹಿಂದೂ ಮನೆಗಳಿಗೆ ಮೊದಲೇ ಹೇಳುತ್ತೇವೆ, ಬಾಗಿಲು ತೆರೆದೇ ಇರುತ್ತದೆ. ಈಗಿನ ದಿನಗಳಲ್ಲಿ ಹತ್ತು ಜನ ಕೂಡಿ ಪ್ರಾರ್ಥಿಸಿದರೆ ಇಲ್ಲದ ಅರ್ಥ ಹುಟ್ಟುವುದುಂಟು. ನೆರೆಯವರಿಗೆ ಗೊತ್ತಿರುವುದೇ ಒಳ್ಳೆಯದು.

ಕೂಟದಲ್ಲಿ ಬರುವ ಭಾನುವಾರದ ಶುಭಸಂದೇಶವನ್ನು, ಅಂದರೆ ಯೇಸುವಿನ ಕುರಿತ ಬೈಬಲ್ ಪಾಠವನ್ನು, ಓದುತ್ತೇವೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯವರು ರೂಪಿಸಿದ ಏಳು ಹೆಜ್ಜೆಗಳ ಕ್ರಮವೊಂದು ಭಾರತದ ಧರ್ಮಕೇಂದ್ರಗಳಲ್ಲೂ ಬಳಕೆಯಲ್ಲಿದೆ. ನಾವು ಅದನ್ನು ಮೊಟಕು ಮಾಡಿಕೊಂಡಿದ್ದೇವೆ. ನಿಧಾನವಾಗಿ ಎರಡು ಸಲ ಓದು, ಸ್ವಲ್ಪ ಮೌನ, ಮನಸ್ಸಿಗೆ ತಾಗಿದ ಮಾತನ್ನು ಒಬ್ಬೊಬ್ಬರೂ ಹೇಳುವುದು, ಕೊನೆಗೆ ಈ ವಾರ ಯಾರ ಮನೆಗೆ ಯಾರು ಹೋಗಬೇಕು ಎಂಬ ತೀರ್ಮಾನ. ಬೋಧನೆ ಮಾಡುವಂತಿಲ್ಲ, ಇದು ಮುಖ್ಯವಾಗಿ ನಿವೃತ್ತ ಮೇಷ್ಟರುಗಳಿಗೆ. ಓದು ಕನ್ನಡದಲ್ಲಿ, ಪ್ರಾರ್ಥನೆ ಅವರವರ ಬಾಯಿಗೆ ಬಂದದ್ದರಲ್ಲಿ. ಕೊಂಕಣಿ, ಕನ್ನಡ, ತಮಿಳು ಮೂರೂ ಒಂದೇ ಜಗಲಿಯಲ್ಲಿ ಕೇಳುತ್ತವೆ. ಅಡಿಕೆ ಕಾಲದಲ್ಲಿ ಕೂಟವನ್ನು ನಿಲ್ಲಿಸುವ ಬದಲು ನಮ್ಮದೇ ವಾಳೆಯ ಒಂದು ಮನೆಯ ಸುಲಿತದ ಚಪ್ಪರಕ್ಕೆ ಒಯ್ದೆವು. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಕೈ ಅಡಿಕೆ ಸುಲಿಯುತ್ತಿರುತ್ತದೆ, ಬಾಯಿ ನಮೋ ಮರಿಯ ಹೇಳುತ್ತಿರುತ್ತದೆ. ಇದು ಗೌರವವಲ್ಲ ಎಂದು ಹಿರಿಯರೊಬ್ಬರು ಮುನಿಸಿಕೊಂಡರು. ಯೇಸು ಬೆಳೆದ ನಜರೇತಿನ ಬಡಗಿಯ ಮನೆಯಲ್ಲಿ ಹೇಗಿತ್ತೋ ಹಾಗೇ ಇದೆ ಎಂದು ಅವರ ಹೆಂಡತಿಯೇ ಉತ್ತರ ಕೊಟ್ಟರು.

ಮೇಲಿನ ಗುಡ್ಡದ ಬಾಯಮ್ಮನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕ್ರೈಸ್ತ ಹೆಂಗಸರನ್ನು ಊರಿನವರು ಕರೆಯುವುದೇ ಹಾಗೆ. ಸೊಂಟ ಮುರಿದು ಮಲಗಿದ್ದ ಎಂಬತ್ತು ದಾಟಿದ ಜೀವ. ತಿಂಗಳಿಗೊಮ್ಮೆ ಫಾದರ್ ಅಥವಾ ಸಿಸ್ಟರ್ ಹೋಗಿ ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಕೊಟ್ಟುಬರುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅವರು ರೋಗಿಗಳ ಪಟ್ಟಿಯಲ್ಲಿದ್ದ ಒಂದು ಹೆಸರು. ಒಂದು ದಿನ ಅವರೇ ಕೇಳಿದರು: “ಎಲ್ಲರೂ ಬಂದು ನನಗೆ ಕೊಟ್ಟು ಹೋಗುತ್ತೀರಿ, ನನ್ನಿಂದ ಏನಾದರೂ ತೆಗೆದುಕೊಂಡು ಹೋಗುವವರು ಒಬ್ಬರೂ ಇಲ್ಲವಲ್ಲ ಗುರಿಕಾರರೇ?” ನನ್ನ ಬಳಿ ಉತ್ತರವಿರಲಿಲ್ಲ. ಮೊಮ್ಮಗನಿಗೆ ಹೇಳಿ ಅವರ ಮೊಬೈಲಿಗೆ ವಾಳೆಯ ಎಲ್ಲ ಮನೆಗಳ ನಂಬರು ಹಾಕಿಸಿದೆ. ದಿನಕ್ಕೆ ಒಂದೆರಡು ಮನೆಗೆ ಕರೆ ಮಾಡಿ, ಏನು ಪ್ರಾರ್ಥನೆ ಬೇಕು ಕೇಳಿ ಎಂದೆ.

ಅಲ್ಲಿಂದ ಮುಂದೆ ವಾಳೆಯ ನಡುಮನೆ ಆ ಮಂಚವೇ ಆಯಿತು. ಯಾರ ಮಗುವಿಗೆ ಪರೀಕ್ಷೆ, ಯಾರನ್ನು ಮಣಿಪಾಲಕ್ಕೆ ಕರೆದೊಯ್ದಿದ್ದಾರೆ, ಯಾರ ಮನೆಯಲ್ಲಿ ಗಂಡ ಮತ್ತೆ ಕುಡಿಯಲು ಶುರುಮಾಡಿದ್ದಾನೆ, ಎಲ್ಲವೂ ಮೊದಲು ಅವರಿಗೆ ಗೊತ್ತು. ಹೇಳಬಹುದಾದದ್ದನ್ನು ನನಗೆ ಹೇಳುತ್ತಾರೆ, ಹೇಳಬಾರದ್ದನ್ನು ದೇವರಿಗೆ ಮಾತ್ರ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಒಂದೇ ಸಂಜೆ ಅವರ ಮಂಚದ ಎರಡು ಪಕ್ಕ ಕೂತಿದ್ದನ್ನು ನಾನು ನೋಡಿದ್ದೇನೆ. ಇಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ತಮಗೆ ಉಸಿರಾಟ ಕಷ್ಟವಾಗಿದೆಯೆಂದು ಕರೆಸಿದ್ದರಂತೆ. ಉಸಿರಾಟಕ್ಕೆ ಏನೂ ಆಗಿರಲಿಲ್ಲ. ಅದು ಸುಳ್ಳಲ್ಲವೇ ಬಾಯಮ್ಮ ಎಂದರೆ, ಪಾಪನಿವೇದನೆಯಲ್ಲಿ ಹೇಳಿಕೊಂಡಾಗಿದೆ ಎಂದರು.

ಬೈಬಲಿನಲ್ಲಿ ಸಂತ ಪೇತ್ರನ ಮೊದಲ ಪತ್ರದ ಎರಡನೇ ಅಧ್ಯಾಯದಲ್ಲಿ ವಿಶ್ವಾಸಿಗಳನ್ನು ಜೀವವುಳ್ಳ ಕಲ್ಲುಗಳು ಎಂದಿದೆ. ನಮ್ಮ ಚರ್ಚಿನ ಗೋಡೆ ಚಿರೆಕಲ್ಲಿನದು. ನೆಲದೊಳಗಿರುವಾಗ ಆ ಕಲ್ಲು ಮೆತ್ತಗೆ; ಕಡಿದು ಹೊರತೆಗೆದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಬೆಂಚಿನಲ್ಲಿ ಮೂವತ್ತು ವರ್ಷ ಸುಮ್ಮನೆ ಕೂತು ಎದ್ದುಹೋದವರು ಒಂದು ಕೆಲಸಕ್ಕೆ ಕೈಹಾಕಿದ ಕೂಡಲೇ ಹೇಗೆ ಬದಲಾಗುತ್ತಾರೆಂಬುದನ್ನು ಕಂಡಾಗ ನನಗೆ ನೆನಪಾಗುವುದು ಅದೇ.

ಇದು ಹೊಸ ವಿಚಾರವೇನೂ ಅಲ್ಲ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದ 1964ರಲ್ಲೇ, ನವೆಂಬರ್ 21ರಂದು, ರೋಮಿನಲ್ಲಿ ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ‘ಲುಮೆನ್ ಜೆಂಸಿಯುಮ್’ ಎಂಬ ದಸ್ತಾವೇಜನ್ನು ಹೊರಡಿಸಿತು. ಅದರಲ್ಲಿ ದೇವಜನರ ಕುರಿತ ಅಧ್ಯಾಯ ಎರಡನೆಯದು, ಧರ್ಮಾಧ್ಯಕ್ಷರು (ಬಿಷಪರು) ಮತ್ತು ಗುರುಗಳ (ಪಾದ್ರಿಗಳ) ಶ್ರೇಣಿಯ ಕುರಿತದ್ದು ಮೂರನೆಯದು. ಜನ ಮೊದಲು, ಹುದ್ದೆ ಆಮೇಲೆ. ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆದದ್ದೂ ಅದೇ ದಸ್ತಾವೇಜು. ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದ 1988ರಲ್ಲಿ, ಗುರುಗಳು ಸಿಗದ ಭಾನುವಾರಗಳಲ್ಲಿ ಜನ ಹೇಗೆ ಕೂಡಿ ಆರಾಧಿಸಬೇಕೆಂದು ವ್ಯಾಟಿಕನ್ ಒಂದು ಮಾರ್ಗಸೂಚಿಯನ್ನೇ ಕೊಟ್ಟಿತು. ಅಂದರೆ ದೊಡ್ಡವರಿಗೂ ಇದು ಬರುತ್ತದೆಂದು ಗೊತ್ತಿತ್ತು.

ಮಳೆಗಾಲದ ಒಂದು ಕೂಟದಲ್ಲಿ ಕರೆಂಟು ಹೋದಾಗ ನಾನು ಜಪಾನಿನ ಕಥೆ ಹೇಳಿದೆ. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮವನ್ನು ದೇಶಾದ್ಯಂತ ನಿಷೇಧಿಸಿ ಗುರುಗಳನ್ನು ಹೊರಗಟ್ಟಿದರು. ಚರ್ಚಿಲ್ಲ, ಪೂಜೆಯಿಲ್ಲ. 1865ರಲ್ಲಿ ನಾಗಸಾಕಿಯ ಓಉರಾದಲ್ಲಿ ಫ್ರೆಂಚ್ ಗುರುವೊಬ್ಬರು ಹೊಸ ಚರ್ಚು ಕಟ್ಟಿದ್ದಾಗ, ಉರಕಾಮಿ ಹಳ್ಳಿಯ ಕೆಲವರು ಬಂದು, ನಮ್ಮ ಹೃದಯವೂ ನಿಮ್ಮದರಂತೆಯೇ ಎಂದು ಪಿಸುಗುಟ್ಟಿದರು. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಅವರು ಮಕ್ಕಳಿಗೆ ತಾವೇ ದೀಕ್ಷಾಸ್ನಾನ ಕೊಡುತ್ತಾ, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸುತ್ತಾ ಬಂದಿದ್ದರು. ಕಥೆ ಮುಗಿದಾಗ ಹುಡುಗನೊಬ್ಬ ಥಟ್ಟನೆ ಕೇಳಿದ: “ಹಾಗಾದರೆ ಅಂಕಲ್, ನಾವು ಚರ್ಚಿಗೆ ಹೋಗುವುದೇ ಬೇಡವಲ್ಲ?”

ಒಳ್ಳೆಯ ಪ್ರಶ್ನೆ, ಮತ್ತು ಅಪಾಯದ ಪ್ರಶ್ನೆ. ನನ್ನ ಉತ್ತರ ಇಷ್ಟು. ಆ ಜಪಾನಿನವರು ಗುರುಗಳು ಬಂದಿದ್ದಾರೆಂದು ತಿಳಿದು ಓಡಿಬಂದರು. ಇಷ್ಟು ದಿನ ಇಲ್ಲದೆ ನಡೆದಿದೆ, ಇನ್ನೇಕೆ ಎನ್ನಲಿಲ್ಲ. ಕೂಟವನ್ನು ಬಿಟ್ಟುಬಿಡುವ ಅಭ್ಯಾಸ ಬೇಡವೆಂದು ಹಿಬ್ರಿಯರಿಗೆ ಬರೆದ ಪತ್ರದಲ್ಲಿದೆ. ಅಂದರೆ ಬಿಟ್ಟುಬಿಡುವವರು ಮೊದಲ ಶತಮಾನದಲ್ಲೂ ಇದ್ದರು. ಗುರುಗಳಿಲ್ಲದ ವಾಳೆಯ ಕೂಟದಲ್ಲಿ ಪರಮಪ್ರಸಾದದ ಬಲಿಪೂಜೆ ಇಲ್ಲ, ಇರಲು ಸಾಧ್ಯವೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಮೊಬೈಲಿನಲ್ಲಿ ಪೂಜೆ ನೋಡಲು ಕಲಿತ ಕೆಲವರು ಇನ್ನೂ ಅಲ್ಲೇ ಇದ್ದಾರೆ. ಮಂಚ ಹಿಡಿದವರಿಗೆ ಅದು ವರ. ಪೂಜೆಯನ್ನು ಮೊಬೈಲಿನಲ್ಲಿ ಮುಗಿಸಿ, ಅದೇ ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತರಲು ಪೇಟೆಗೆ ಹೋಗುವವರಿಗೆ ಏನೆಂದು ಹೇಳುವುದು? ನಾನು ಹೇಳುವುದಿಲ್ಲ, ಪೇಟೆಯಲ್ಲಿ ಎದುರಾದಾಗ ಮೀನು ಹೇಗಿದೆ ಎಂದು ಕೇಳುತ್ತೇನೆ. ಅಷ್ಟು ಸಾಕಾಗುತ್ತದೆ.

ಬರಲು ಮನಸ್ಸಿದ್ದೂ ಬರಲಾಗದವರಿಗಾಗಿ ಜೀಪಿನ ವ್ಯವಸ್ಥೆ ಮಾಡಿದೆವು. ತಿಂಗಳ ಮೊದಲ ಭಾನುವಾರ ಮೇಲಿನ ಗುಡ್ಡದ ಕಡೆಗೆ ಒಂದು ಜೀಪು. ಡೀಸೆಲ್ ಖರ್ಚು ಊರು ಬಿಟ್ಟು ಹೋದ ಮಕ್ಕಳದು. ಬೆಂಗಳೂರಿನಲ್ಲಿರುವವರನ್ನು ಹೋದವರು ಎಂದು ಪುಸ್ತಕದಿಂದ ಹೊಡೆದುಹಾಕಿರಲಿಲ್ಲ; ಅವರ ಪಾಲಿಗೂ ಒಂದು ಕೆಲಸವಿರಲಿ ಎಂದು ಇದನ್ನು ಹೊರಿಸಿದೆವು. ಹಣ ಕಳಿಸುವ ನೆಪದಲ್ಲಿ ಅಪ್ಪ ಅಮ್ಮ ಜೀಪು ಹತ್ತಿದರೇ ಎಂದು ಕೇಳುತ್ತಾರೆ. ಕೇಳಿದ ಮೇಲೆ ತಾವು ಅಲ್ಲಿ ಚರ್ಚಿಗೆ ಹೋಗುತ್ತೇವೋ ಇಲ್ಲವೋ ಎಂಬುದನ್ನೂ ಹೇಳಬೇಕಾಗುತ್ತದೆ.

ಜುಲೈನಲ್ಲಿ ಒಬ್ಬರು ತೀರಿಕೊಂಡರು. ವರ್ಷಗಳಿಂದ ಚರ್ಚಿನ ಮೆಟ್ಟಿಲು ಹತ್ತದವರು, ಜಗಳದ ಪಟ್ಟಿಯವರು. ಗುಂಡಿ ತೋಡಿದಷ್ಟೂ ನೀರು ತುಂಬುತ್ತಿತ್ತು. ನೀರು ಮೊಗೆಯಲು ಸಾಲುಗಟ್ಟಿದವರಲ್ಲಿ ಭಾನುವಾರ ಕಾಣಿಸದ ಮುಖಗಳೇ ಹೆಚ್ಚು. ಪಕ್ಕದ ಗೌಡರ ಮನೆಯ ಹುಡುಗರೂ ಇದ್ದರು. ಆ ದಿನದ ಹಾಜರಿಯನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದು ಫಾದರ್ ಬಳಿ ಕೇಳಿದೆ. ಅವರು ನಕ್ಕರು, ಆದರೆ ಮುಂದಿನ ಪಾಲನಾ ಸಭೆಯಲ್ಲಿ ತಲೆ ಎಣಿಕೆಯ ವರದಿ ಓದಲಿಲ್ಲ.

ಭಾನುವಾರದ ಬೆಂಚುಗಳು ತುಂಬಿವೆಯೇ ಎಂದರೆ, ಇಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ, ಕ್ರಿಸ್‌ಮಸ್ಸಿಗೆ ತುಂಬುತ್ತವೆ. ಮಳೆಗಾಲದಲ್ಲಿ ಈಗಲೂ ಹಿಂದಿನ ಸಾಲುಗಳು ಖಾಲಿ. ಜೀಪಿನ ಭಾನುವಾರ ಸ್ವಲ್ಪ ವಾಸಿ. ಬಾಕಿ ವಂತಿಗೆಯ ಮನೆಯವರು ಮರಳಿದ್ದಾರೆ, ಜಗಳದವರಲ್ಲಿ ಕೆಲವರು.

ಈಗ ನಾನು ಗುರಿಕಾರನಲ್ಲ. ನನ್ನ ನಂತರ ಆ ಹೊಣೆ ಹೊತ್ತವರು ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ನಮ್ಮ ವಾಳೆಯ ಮೊದಲ ಮಹಿಳಾ ಗುರಿಕಾರರು. ನೋಟುಪುಸ್ತಕ ಒಪ್ಪಿಸಿದೆ. ಅವರು ಮಾಡಿದ ಮೊದಲ ಬದಲಾವಣೆ, ಕೂಟದ ಸಮಯವನ್ನು ಟಿವಿ ಧಾರಾವಾಹಿ ಮುಗಿದ ಮೇಲಕ್ಕೆ ತಳ್ಳಿದ್ದು. ದೇವರು ಧಾರಾವಾಹಿಗೆ ಕಾಯಬೇಕೇ ಎಂದು ನಾನು ವಿರೋಧಿಸಿದೆ, ಈಗಲೂ ಒಪ್ಪುವುದಿಲ್ಲ. ಬರುವವರು ಮಾತ್ರ ಹೆಚ್ಚಾಗಿದ್ದಾರೆ.