ಕಾರಿನಲ್ಲಿ ಹ್ಯಾಮ್ ರೇಡಿಯೊ ಇದೆಯಾ? ಆಂಟೆನಾ ಎಲ್ಲಿದೆ ನೋಡಿ
ಗೆಳೆಯರೇ, ಕಾರಿಗೆ ಹ್ಯಾಮ್ ರೇಡಿಯೊದ, ಅಂದರೆ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊದ, ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಸೆಟ್ ಹಾಕಿಸುವವರು ಮೊದಲು ಆಂಟೆನಾ ಜಾಗ ಯೋಚಿಸಿ. ಲೋಹದ ಚಾವಣಿಯ ನಡುಮಧ್ಯವೇ ಒಳ್ಳೆಯದು. ಆ ತಗಡು ಆಂಟೆನಾದ ರೇಡಿಯೊ ಅಲೆಗಳು ಒಳಗೆ ಕೂತವರಿಗೆ ಹೆಚ್ಚು ತಾಗದಂತೆ ಅಡ್ಡವಾಗುತ್ತದೆ. ಸಿಗ್ನಲ್ಲೂ ಎಲ್ಲ ಕಡೆ ಚೆನ್ನಾಗಿ ಹೋಗುತ್ತದೆ. ಡಿಕ್ಕಿ ಅಂಚಿಗೆ ಸಿಕ್ಕಿಸಿದರೆ ಹಿಂದಿನ ಗಾಜಿನ ಪಕ್ಕದಲ್ಲೇ ಮಕ್ಕಳ ತಲೆ ಇರುತ್ತದೆ, ಅಲ್ವಾ? ನನಗಂತೂ ಅದು ಇಷ್ಟವಿಲ್ಲ.

ಕೈಯಲ್ಲಿ ಹಿಡಿಯುವ ಸೆಟ್ ಸಾಮಾನ್ಯವಾಗಿ 5 ವಾಟ್. ಕಾರಿನದು ಹಲವು ಸಲ 50 ವಾಟ್. ಹತ್ತಿರದ ರಿಪೀಟರ್‌ಗೆ (ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಕೇಂದ್ರ) ಅಷ್ಟು ಬೇಕಿಲ್ಲ, ಲೋ ಪವರ್ ಸಾಕು. ಸುಮ್ನೆ ಕೇಳುತ್ತಿರುವಾಗ ಚಿಂತೆಯಿಲ್ಲ, ಮಾತಾಡಲು ಬಟನ್ ಒತ್ತಿದಾಗ ಮಾತ್ರ ಆಂಟೆನಾದಿಂದ ಶಕ್ತಿ ಹೊರಡುತ್ತದೆ. ಹಾಗಾಗಿ ಮಾತು ಚಿಕ್ಕದಾಗಿರಲಿ, ನಡುವೆ ಬಿಡುವು ಕೊಡಿ.

ಗಾಡಿ ನಿಂತಾಗಲೇ ಜಾಸ್ತಿ ಎಚ್ಚರ ಬೇಕು. ಯಾರಾದರೂ ಕಾರಿಗೆ ಒರಗಿ ನಿಂತಿದ್ದರೆ ಅವರು ದೂರ ಸರಿಯುವವರೆಗೂ ಬಟನ್ ಒತ್ತಬೇಡಿ. ದೂರ ಹೆಚ್ಚಿದಷ್ಟೂ ಅಲೆಗಳ ತೀವ್ರತೆ ಬೇಗ ಇಳಿಯುತ್ತದೆ. ಬಟನ್ ಒತ್ತಿರುವಾಗ ಆಂಟೆನಾ ಮುಟ್ಟಿದರೆ ಚರ್ಮ ಸುಡಲೂಬಹುದು.

ಪೆಟ್ರೋಲ್ ಬಂಕ್‌ನಲ್ಲಿ ಸೆಟ್ ಆಫ್ ಮಾಡಿ. ಕಲ್ಲು ಕ್ವಾರಿಗಳ ಹತ್ತಿರವೂ ಅಷ್ಟೇ: ರೇಡಿಯೊ ಅಲೆಗಳಿಂದ ಬಂಡೆ ಒಡೆಯುವ ಸಿಡಿಮದ್ದನ್ನು ಹೊತ್ತಿಸುವ ಎಲೆಕ್ಟ್ರಿಕ್ ಕೇಪುಗಳು ತಾವಾಗಿಯೇ ಸಿಡಿಯುವ ಅಪಾಯವಿದೆ. ಪೇಸ್‌ಮೇಕರ್ ಇರುವವರು ಜೊತೆಗಿದ್ದರೆ ಅವರ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.