ಮೊಮ್ಮಕ್ಕಳ ಜೊತೆ ಯಾಸ್ ದ್ವೀಪಕ್ಕೆ: ಗಲ್ಫ್‌ನ ಪಾರ್ಕಿನಲ್ಲಿ ಒಂದು ದಿನ ಕಳೆಯುವುದು ಹೇಗೆ?

ಮಗನೋ ಮಗಳೋ ಅಬುಧಾಬಿ, ದುಬೈಯಲ್ಲಿದ್ದರೆ ಕೊಡಗಿನ ಹಿರಿಯರು ಅಲ್ಲಿಗೆ ಹೊರಡುವುದು ಹೆಚ್ಚಾಗಿ ಮಳೆಗಾಲದಲ್ಲೇ. ಕಾಫಿ ಕೊಯ್ಲು, ಒಣಗಿಸುವುದು, ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ ಎಲ್ಲ ಮುಗಿದಿರುತ್ತದೆ. ಗದ್ದೆ ಇದ್ದವರು ನಾಟಿ ಮುಗಿಸಿ ಹೊರಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಮೊಮ್ಮಕ್ಕಳಿಗೂ ಶಾಲೆ ಇರುವುದಿಲ್ಲ. ತೊಂದರೆ ಏನೆಂದರೆ, ಅಲ್ಲಿ ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಮನರಂಜನಾ ಪಾರ್ಕಿಗೆ ಸೂರು ಇದೆಯೇ ಎಂದು.

ಅಬುಧಾಬಿಯ ಯಾಸ್ ದ್ವೀಪದಲ್ಲಿ 2010ರಲ್ಲಿ ಶುರುವಾದ ಫೆರಾರಿ ವರ್ಲ್ಡ್ ಬಹುಪಾಲು ಎಸಿ ಚಾವಣಿಯಡಿ ಇದೆ. 2018ರಲ್ಲಿ ತೆರೆದ ವಾರ್ನರ್ ಬ್ರದರ್ಸ್ ವರ್ಲ್ಡ್ ಕೂಡ ಹಾಗೆಯೇ. ದುಬೈಯಲ್ಲಿ ಇಂಥದ್ದೇ ಐಎಂಜಿ ವರ್ಲ್ಡ್ಸ್ ಇದೆ. ಲೆಗೊಲ್ಯಾಂಡ್‌ನ ಹೆಚ್ಚಿನ ಭಾಗ ಬಯಲು, ಅದನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಬಯಲು ಜಾತ್ರೆಯಂಥ ಗ್ಲೋಬಲ್ ವಿಲೇಜ್ ಅಲ್ಲಿನ ಬೇಸಿಗೆಯಲ್ಲಿ ತೆರೆದೇ ಇರುವುದಿಲ್ಲ. ಸಣ್ಣ ಮಕ್ಕಳೂ ಅಜ್ಜ-ಅಜ್ಜಿಯೂ ಒಟ್ಟಿಗೆ ಹೋಗುವುದಾದರೆ ನನ್ನ ಓಟು ವಾರ್ನರ್‌ಗೆ. ಅಲ್ಲಿ ಟಾಮ್ ಆ್ಯಂಡ್ ಜೆರ್ರಿ ಇದ್ದಾರೆ, ಕೂತು ನೋಡುವಂಥದ್ದೂ ಸಾಕಷ್ಟಿದೆ.

2022ರಿಂದ ಅಲ್ಲಿನ ವಾರದ ರಜೆ ಶನಿವಾರ, ಭಾನುವಾರ. ಮಗನಿಗೆ ವಾರದ ನಡುವೆ ಒಂದು ರಜೆ ಸಿಕ್ಕರೆ ಜನಜಂಗುಳಿ ತಪ್ಪುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆಯಿರಿ.

ಇನ್ನು ಊರಿನಿಂದ ಹೊರಡುವಾಗ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕೇರಳದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಆದರೆ ಮಳೆಗೆ ದಾರಿಯಲ್ಲಿ ಮರ ಬೀಳುವುದುಂಟು, ಕೈಯಲ್ಲಿ ಸಮಯ ಇಟ್ಟುಕೊಂಡೇ ಹೊರಡಿ. ಸಾಂಬಾರ ಪುಡಿಯ ಜೊತೆ ಗಸಗಸೆ ಕಟ್ಟಬೇಡಿ, ಯುಎಇಯಲ್ಲಿ ಅದು ನಿಷಿದ್ಧ. ಕೋವಿ ಇರುವ ಮನೆಯವರು ಕೋಟಿನ ಜೇಬನ್ನೂ ಒಮ್ಮೆ ತಡವಿ ನೋಡಿ. ಹಳೆಯ ಕಾಡತೂಸು ಒಂದಿದ್ದರೂ ಸೆಕ್ಯುರಿಟಿಯಲ್ಲಿ ದಿನ ಹಾಳು. ಸ್ವೆಟರ್ ಮಾತ್ರ ಬಿಡಬೇಡಿ. ಹೊರಗೆ ಕುಲುಮೆ, ಒಳಗೆ ಎಸಿಯ ಚಳಿ. ಹಿರಿಯರಿಗೆ ಕೆಮ್ಮು ಹಿಡಿಯುವುದು ಹೀಗೆಯೇ.

ಪಾರ್ಕಿನ ದಿನ ಅಜ್ಜಿ ಚೂಡಿದಾರ ಹಾಕಿಕೊಂಡರೆ ಒಳ್ಳೆಯದು. ಕೊಡವ ಸೀರೆಯ ನೆರಿಗೆ ಬೆನ್ನ ಕಡೆ ಬರುತ್ತದೆ. ರೈಡಿನ ಸೀಟಿಗೆ ಒರಗಿ ಕೂತಾಗ ಅದು ಗಂಟಾಗಿ ಸೊಂಟಕ್ಕೆ ಒತ್ತುತ್ತದೆ. ಕಾಲಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಇರಲಿ. ಕೊರಳಿನ ಚಿನ್ನದ ಪತ್ತಾಕ್ ಬೀರುವಿನಲ್ಲೇ ಇರಲಿ.

ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಒಳಗೆ ಹೋದ ತಕ್ಷಣ ಫೋಟೋಕ್ಕೆ ನಿಲ್ಲಬೇಡಿ, ಉದ್ದ ಸಾಲು ಆಗುವ ರೈಡ್‌ಗಳನ್ನು ಮೊದಲು ಮುಗಿಸಿ. ಪ್ರತಿ ರೈಡಿನ ಬಾಯಲ್ಲಿ ಎತ್ತರದ ಅಳತೆಪಟ್ಟಿ ಇರುತ್ತದೆ. ಮಗುವಿನ ಎತ್ತರವನ್ನು ಮನೆಯಲ್ಲೇ ಅಳೆದು ಪಾರ್ಕಿನ ವೆಬ್‌ಸೈಟ್ ಜೊತೆ ಹೋಲಿಸಿಕೊಂಡರೆ ಅರ್ಧ ಗಂಟೆ ಸಾಲಿನಲ್ಲಿ ನಿಂತು ಅಳುತ್ತಾ ವಾಪಸ್ ಬರುವುದು ತಪ್ಪುತ್ತದೆ. ಒಬ್ಬರು ಮಗುವಿನ ಜೊತೆ ನಿಂತು ಅಪ್ಪ-ಅಮ್ಮ ಸರದಿಯ ಮೇಲೆ ಹೋಗುವುದಾದರೆ, ಎರಡನೆಯವರೂ ಮೊದಲಿಂದ ಸಾಲು ಹಿಡಿಯಬೇಕೇ ಎಂದು ಸಿಬ್ಬಂದಿಯನ್ನು ಕೇಳಿ.

ಫೆರಾರಿ ವರ್ಲ್ಡ್‌ನ ಫಾರ್ಮುಲಾ ರೊಸ್ಸಾ ಎಂಬ ರೋಲರ್ ಕೋಸ್ಟರ್ ಸುಮಾರು ಐದು ಸೆಕೆಂಡಿನಲ್ಲಿ ಗಂಟೆಗೆ 240 ಕಿ.ಮೀ. ವೇಗ ಮುಟ್ಟುತ್ತದೆ. ಗಾಳಿಯ ಹೊಡೆತಕ್ಕೆ ಕಣ್ಣು ಬಿಡಲಾಗದೆಂದು ಕನ್ನಡಕ ಕೊಡುತ್ತಾರೆ. ಬಿಪಿ, ಹೃದಯದ ತೊಂದರೆ, ಬೆನ್ನುನೋವು ಇದ್ದವರು, ಗರ್ಭಿಣಿಯರು ಹತ್ತಲೇಬಾರದು. ಮಾಕುಟ್ಟದ ತಿರುವಿನಲ್ಲೇ ವಾಂತಿ ಮಾಡುವವರಿಗೂ ಇದು ಬೇಡ. ‘ನಾನು ಆನೆಯನ್ನೇ ಓಡಿಸಿದವನು’ ಎನ್ನುವ ಅಜ್ಜನನ್ನು ತಡೆಯುವುದು ಸೊಸೆಯಿಂದಾಗದು, ಮೊಮ್ಮಗಳಿಗೆ ಒಪ್ಪಿಸಿ.

ಊಟವನ್ನು ಜನ ಸೇರುವ ಮೊದಲೇ ಮುಗಿಸಿದರೆ ಟೇಬಲ್ ಸುಲಭವಾಗಿ ಸಿಗುತ್ತದೆ. ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಡಬ್ಬಿ ಮನೆಯಲ್ಲೇ ಬಿಡಿ, ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರ ಮಾತ್ರೆ ಕೈಚೀಲದಲ್ಲೇ ಇರಲಿ. ಊಟದ ನಂತರ ಹಿರಿಯರು ಶೋ ನೋಡುತ್ತಾ ಕೂರಲಿ. ಎಲ್ಲರೂ ಮತ್ತೆ ಸೇರುವ ಜಾಗ, ಹೊತ್ತು ಮೊದಲೇ ಗೊತ್ತುಮಾಡಿ.

ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಕಳಿಸುವಾಗ ನಿಮ್ಮವರಷ್ಟೇ ಕಾಣುವಂತೆ ನೋಡಿಕೊಳ್ಳಿ. ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆಯುವುದು ಅಲ್ಲಿ ಅಪರಾಧ.

ಹಲವು ರೈಡ್‌ಗಳ ಹೊರದಾರಿ ಆಟಿಕೆ ಅಂಗಡಿಯ ಒಳಗಿಂದಲೇ ಹಾಯುತ್ತದೆ. ‘ಒಬ್ಬರಿಗೆ ಒಂದೇ’ ಎಂದು ಮಕ್ಕಳಿಗೆ ಬೆಳಿಗ್ಗೆಯೇ ಹೇಳಿಬಿಡಿ. ದಿರ್ಹಮ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಗಟ್ಟಿಯಾಗಿ ಹೇಳಬಾರದೆಂದು ಅಜ್ಜನಿಗೂ.