ಹೊಸ ಮೆಮು ರೈಲನ್ನು ನೆಚ್ಚಿ ಕೆಲಸಕ್ಕೆ ಹೋಗುವವರಿಗೆ

ಯಶವಂತಪುರದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ, ಮನೆ ತುಮಕೂರಿನಲ್ಲಿ. 2024ರಲ್ಲಿ ತುಮಕೂರು–ಯಶವಂತಪುರ ನಡುವೆ ಹೊಸ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಆರಂಭವಾದಾಗಿನಿಂದ ಬೇರೆ ಬೇರೆ ಮಾರ್ಗದ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಹೊಸ ರೈಲು ಬಿಟ್ಟಿದ್ದಾರೆ, ಬಸ್ಸು ಬಿಟ್ಟು ಅದನ್ನೇ ನಂಬಬಹುದೇ? ನಂಬಬಹುದು, ಆದರೆ ವೇಳಾಪಟ್ಟಿಯನ್ನು ನೋಡಿ ನಂಬಬೇಡಿ. ಆ ರೈಲು ಎಲ್ಲಿಂದ ಬರುತ್ತದೆ, ಯಾವ ರೈಲಿನ ಹಿಂದೆ ಓಡುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ತಿಳಿದು ನಂಬಿ.

ಮೊದಲು ಸಂಖ್ಯೆಯನ್ನು ನೋಡಿ. ಐದು ಅಂಕಿಯ ರೈಲು ಸಂಖ್ಯೆ 6ರಿಂದ ಶುರುವಾದರೆ ಅದು ಕಾಯಂ ಮೆಮು, 7 ಇದ್ದರೆ ಡೆಮು, ಅಂದರೆ ಡೀಸೆಲ್‌ನಲ್ಲಿ ಓಡುವಂಥದ್ದು. 0 ಇದ್ದರೆ ವಿಶೇಷ ರೈಲು. ಅದನ್ನು ಇಂಥ ತಾರೀಕಿನವರೆಗೆ ಎಂದು ಗೊತ್ತುಪಡಿಸಿಯೇ ಓಡಿಸುತ್ತಾರೆ. ಅವಧಿ ಮುಗಿಯುವ ವಾರದಲ್ಲಿ ವಿಸ್ತರಣೆಯ ಪ್ರಕಟಣೆ ಬಂದಿದೆಯೇ ಎಂದು ನೋಡಿಕೊಳ್ಳದೆ ನಿಲ್ದಾಣಕ್ಕೆ ಹೋಗಬೇಡಿ. ವಾರದ ಯಾವ ದಿನ ರೈಲಿಲ್ಲ ಎಂಬುದನ್ನೂ ಆಗಲೇ ಗುರುತು ಹಾಕಿಕೊಳ್ಳಿ. ಅನೇಕ ಮೆಮುಗಳು ಭಾನುವಾರ ಓಡುವುದಿಲ್ಲ, ಮಂಡಿ ಕೆಲಸದವರಿಗೆ ಮಾತ್ರ ಭಾನುವಾರವೂ ಹಲವು ಸಲ ಕೆಲಸದ ದಿನವೇ.

ಎರಡನೆಯದು ರೇಕ್, ಅಂದರೆ ಒಟ್ಟಿಗೆ ಓಡುವ ಬೋಗಿಗಳ ಸಾಲು. ಹೊಸ ರೈಲಿನ ಸಮಯಪಾಲನೆಯ ಗುಟ್ಟು ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಹೊಸ ರೈಲು ಎಂದ ಮಾತ್ರಕ್ಕೆ ಅದಕ್ಕೆಂದೇ ಹೊಸ ರೇಕ್ ಬಂದಿದೆ ಎಂದಲ್ಲ. ಬೇರೆ ಊರಿಗೆ ಹೋಗಿಬಂದ ರೇಕನ್ನೇ ನಡುವಿನ ಬಿಡುವಿನಲ್ಲಿ ಇನ್ನೊಂದು ಸಂಖ್ಯೆಯಲ್ಲಿ ಓಡಿಸುವುದುಂಟು. ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳದೆ ಎರಡನೆಯ ಪಂಕ್ತಿ ಕೂರಲಾಗದಲ್ಲ, ಹಾಗೆಯೇ ಹಿಂದಿನ ಊರಿನಿಂದ ರೇಕ್ ಬಂದು ಸೇರದೆ ನಿಮ್ಮ ರೈಲು ಹೊರಡದು. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ರೈಲನ್ನು ಎಳೆಯುವ ಮೋಟಾರು ಬೋಗಿಯ ಮೈಮೇಲೆ ಬರೆದಿರುವ ಸಂಖ್ಯೆಯನ್ನು ಬೆಳಗ್ಗೆ ಬರೆದುಕೊಳ್ಳಿ, ಸಂಜೆ ಬರುವ ರೈಲಿನದ್ದನ್ನೂ ಬರೆದುಕೊಳ್ಳಿ. ಕೆಲವು ದಿನ ಹೀಗೆ ಮಾಡಿದರೆ ಯಾವ ರೇಕ್ ಎಲ್ಲಿಂದ ಬಂದು ನಿಮ್ಮದಾಗುತ್ತದೆ ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ನಿಮ್ಮ ರೈಲು ಎಲ್ಲಿದೆ ಎಂದು ಹುಡುಕುವ ಬದಲು, ಆ ರೇಕ್ ತರುವ ಹಿಂದಿನ ರೈಲು ಎಲ್ಲಿದೆ ಎಂದು ನೋಡಿ. ನಿಮ್ಮ ರೈಲು ತಡವಾಗಲಿದೆ ಎಂಬುದು ಮನೆಯಲ್ಲಿ ಕಾಫಿ ಕುಡಿಯುವಾಗಲೇ ಗೊತ್ತಾಗುತ್ತದೆ.

ಬೋಗಿಗಳನ್ನೂ ಎಣಿಸಿ. ಮೆಮುವಿನಲ್ಲಿ ಒಂದು ಮೋಟಾರು ಬೋಗಿ ಮತ್ತು ಅದರೊಂದಿಗೆ ಮೂರು ಬೋಗಿ ಸೇರಿ ಒಂದು ಘಟಕ. ಹಾಗಾಗಿ ರೈಲು 8, 12 ಅಥವಾ 16 ಬೋಗಿಗಳದ್ದಾಗಿರುತ್ತದೆ. 16 ಬೋಗಿಯ ರೇಕ್ ದುರಸ್ತಿಗೆ ಹೋಗಿ 8 ಬೋಗಿಯದ್ದು ಬಂದರೆ ಕಷ್ಟ ನೂಕುನುಗ್ಗಲಿಗೆ ನಿಲ್ಲುವುದಿಲ್ಲ. ಒಂದು ನಿಮಿಷದ ನಿಲುಗಡೆಯಲ್ಲಿ ಹತ್ತಿ ಇಳಿಯಲು ಆಗದೆ ಪ್ರತಿ ನಿಲ್ದಾಣದಲ್ಲೂ ಸಮಯ ಸೋರುತ್ತದೆ, ಕ್ಯಾತ್ಸಂದ್ರ, ಹಿರೇಹಳ್ಳಿ ಎಂದು ಬರುತ್ತಾ ಬರುತ್ತಾ ತಡ ಬೆಳೆಯುತ್ತಾ ಹೋಗುತ್ತದೆ. ಬೋಗಿ ಕಡಿಮೆಯಾದದ್ದಕ್ಕೇ ರೈಲು ತಡವಾದದ್ದು ಎಂದು ಹೇಳಲು ನಿಮ್ಮ ಬಳಿ ಬೋಗಿಯ ಎಣಿಕೆ ಇರಬೇಕು.

ಇನ್ನು ದಾರಿ. ತುಮಕೂರು–ಬೆಂಗಳೂರು ಜೋಡಿ ಮಾರ್ಗವಾದ್ದರಿಂದ ಎದುರಿನ ರೈಲಿಗಾಗಿ ಕಾಯುವ ಕ್ರಾಸಿಂಗ್ ಇಲ್ಲಿ ಇಲ್ಲ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋಗುವ ಒಂಟಿ ಮಾರ್ಗದಲ್ಲಿ ಅದೇ ದೊಡ್ಡ ತೊಡಕು, ಎದುರಿನದ್ದು ತಡವಾದರೆ ನಿಮ್ಮದೂ ತಡ. ನಮ್ಮ ಮಾರ್ಗದ ಕಿರಿದಾದ ಕೊರಳು ಚಿಕ್ಕಬಾಣಾವರ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೊಸ ಮಾರ್ಗ ಪೂರ್ಣಗೊಂಡಿತು. ಅಂದಿನಿಂದ ಹಾಸನದ ಕಡೆಯ ರೈಲುಗಳೂ ಹುಬ್ಬಳ್ಳಿಯ ಕಡೆಯ ರೈಲುಗಳೂ ಚಿಕ್ಕಬಾಣಾವರದಲ್ಲಿ ಕೂಡಿಕೊಂಡು ಯಶವಂತಪುರದವರೆಗೆ ಅದೇ ಹಳಿಗಳನ್ನು ಹಂಚಿಕೊಳ್ಳುತ್ತವೆ. ಬೆಳಗಿನ ಹೊತ್ತು ರಾಣಿ ಚೆನ್ನಮ್ಮ, ಗೋಲ್‌ಗುಂಬಜ್‌ನಂಥ ರಾತ್ರಿ ರೈಲುಗಳು ಬೆಂಗಳೂರು ಸೇರುವ ಸಮಯ. ಅವುಗಳಲ್ಲಿ ಒಂದು ತಡವಾಗಿ ಬಂದರೂ ಮೆಮುವನ್ನು ಲೂಪ್ ಲೈನಿಗೆ, ಅಂದರೆ ನಿಲ್ದಾಣದ ಪಕ್ಕದ ಹಳಿಗೆ ಸರಿಸಿ ಅದನ್ನು ಮುಂದೆ ಬಿಡುವುದು ವಾಡಿಕೆ, ಎಕ್ಸ್‌ಪ್ರೆಸ್‌ಗೆ ಆದ್ಯತೆ ಹೆಚ್ಚು. ಆದ್ದರಿಂದ ನಿಮ್ಮ ರೈಲಿನ ಹಿಂದೆ ಬರುತ್ತಿರುವ ರಾತ್ರಿ ರೈಲು ಎಲ್ಲಿದೆ ಎಂಬುದನ್ನೂ ಒಂದು ಸಲ ನೋಡಿ.

ವೇಳಾಪಟ್ಟಿಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಕೊನೆಯ ಎರಡು ನಿಲ್ದಾಣಗಳ ನಡುವೆ ದೂರಕ್ಕೆ ಮೀರಿದ ಸಮಯ ಕೊಟ್ಟಿರುತ್ತಾರೆ. ದಾರಿಯಲ್ಲಿ ಆದ ತಡವನ್ನು ಅಲ್ಲಿ ಸರಿದೂಗಿಸುವುದು ಅದರ ಉದ್ದೇಶ. ಕೊನೆಯ ನಿಲ್ದಾಣಕ್ಕೆ ರೈಲು ಸರಿಯಾದ ಸಮಯಕ್ಕೇ ತಲುಪಿತು ಎಂದು ದಾಖಲಾಗಬಹುದು, ಅದಕ್ಕಿಂತ ಮೊದಲೇ ಸೋಲದೇವನಹಳ್ಳಿಯಲ್ಲಿ ಇಳಿದು ಕಾಲೇಜಿಗೆ ಓಡುವ ವಿದ್ಯಾರ್ಥಿಗೆ ಮೊದಲ ತರಗತಿ ತಪ್ಪಿರುತ್ತದೆ. ನಡುವೆ ಇಳಿಯುವವರು ಕೊನೆಯ ನಿಲ್ದಾಣದ ಸಮಯಪಾಲನೆಯನ್ನು ನಂಬಬಾರದು. ನಿಮ್ಮ ನಿಲ್ದಾಣದ ಸಮಯವನ್ನೇ ಬರೆದಿಡಿ.

ಬರೆದಿಡುವುದು ಎಂದಾಗ ನನ್ನ ವೃತ್ತಿಯ ಅಭ್ಯಾಸ ಮುಂದೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ ಸಾಕು. ತಾರೀಕು, ಹೊರಡಬೇಕಾದ ಸಮಯ, ಹೊರಟ ಸಮಯ, ಚಿಕ್ಕಬಾಣಾವರ ಮುಟ್ಟಿದ್ದು, ಅಲ್ಲಿಂದ ಹೊರಟಿದ್ದು, ಯಶವಂತಪುರ, ಬೋಗಿಗಳ ಸಂಖ್ಯೆ, ಮುಂದೆ ಬಿಟ್ಟ ರೈಲು. ಕೊನೆಯ ಅಂಕಣ ಖಾಲಿ ಇದ್ದು ಚಿಕ್ಕಬಾಣಾವರದ ಎರಡು ಅಂಕಣಗಳ ನಡುವೆ ಅಂತರ ದೊಡ್ಡದಿದ್ದರೆ ಮುಂದೆ ಯಶವಂತಪುರದಲ್ಲಿ ಪ್ಲಾಟ್‌ಫಾರಂ ಖಾಲಿ ಇರಲಿಲ್ಲವೇ ಎಂದು ವಿಚಾರಿಸಬಹುದು. ಹೊರಡುವಾಗಲೇ ತಡವಾಗಿ, ದಾರಿಯಲ್ಲಿ ತಡ ಹೆಚ್ಚದಿದ್ದರೆ ರೇಕ್‌ನ ತೊಂದರೆ ಇರಬಹುದು. ಒಂದು ತಿಂಗಳ ಪುಟಗಳನ್ನು ಸಾಲಾಗಿ ಓದಿದರೆ ಇವೆರಡೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಪರಿಹಾರವೂ ಬೇರೆ ಬೇರೆ, ಕೇಳಬೇಕಾದದ್ದೂ ಬೇರೆ ಬೇರೆ.

ಹೀಗೆ ಲೆಕ್ಕ ಬರೆಯುವ ತಿಂಗಳು ಮುಗಿಯುವವರೆಗೆ ಬಸ್ಸಿನ ದಾರಿಯನ್ನು ಮರೆಯಬೇಡಿ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ನಮಗೆ ಅನುಕೂಲವಾಗಿದೆ. ತುಮಕೂರಿನಿಂದ ಬಸ್ಸಿನಲ್ಲಿ ಮಾದಾವರದ ಬಳಿ ಇಳಿದು ಮೆಟ್ರೊ ಹಿಡಿದರೆ ಪೀಣ್ಯದ ವಾಹನ ದಟ್ಟಣೆಯನ್ನು ಮೇಲಿಂದಲೇ ದಾಟಿ ಯಶವಂತಪುರ ಸೇರಬಹುದು. ರೈಲು ಹತ್ತಿದ ಮೇಲೆ ಮನಸ್ಸು ಬದಲಿಸುವುದಾದರೆ ದಾಬಸ್‌ಪೇಟೆಯಲ್ಲಿಯೇ ಬದಲಿಸಿ. ಅದು ಹೆದ್ದಾರಿಯ ಮೇಲಿನ ಊರು, ಬಸ್ಸು ಸಿಗುತ್ತದೆ. ಮುದ್ದಲಿಂಗನಹಳ್ಳಿ, ದೊಡ್ಡಬೆಲೆಯ ಕಡೆ ರೈಲು ನಿಂತರೆ ಹೆದ್ದಾರಿ ದೂರ, ಇಳಿದು ಪ್ರಯೋಜನವಿಲ್ಲ. ಯಾವ ಮಾರ್ಗದವರೇ ಆಗಲಿ, ಇಂಥ ಒಂದು ನಿಲ್ದಾಣವನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು.

ಟಿಕೆಟಿನ ವಿಷಯ ಚಿಕ್ಕದು, ಆದರೆ ಕೈ ಕಚ್ಚುವುದು ಇಲ್ಲಿಯೇ. ರೈಲು ಎಲ್ಲಿದೆ ಎಂದು ತಿಳಿಯುವ ಮೊದಲು ಕಾಯ್ದಿರಿಸದ ಟಿಕೆಟ್ ಕೊಳ್ಳಬೇಡಿ. 199 ಕಿ.ಮೀ.ವರೆಗಿನ ಟಿಕೆಟನ್ನು ಕೊಂಡ 3 ಗಂಟೆಯೊಳಗೆ ಅಥವಾ ಮುಂದಿನ ಮೊದಲ ರೈಲು ಹೊರಡುವುದರೊಳಗೆ, ಯಾವುದು ನಂತರವೋ ಅಷ್ಟರಲ್ಲಿ ಪ್ರಯಾಣ ಆರಂಭಿಸಬೇಕು. ರದ್ದು ಮಾಡಿಸಿದರೆ 30 ರೂಪಾಯಿ ಕಳೆಯುತ್ತಾರೆ, ಮೆಮು ಟಿಕೆಟಿನ ಬೆಲೆಯೇ ಅಷ್ಟಿರುವುದಿಲ್ಲ. ಮೆಮು ಕೈಕೊಟ್ಟಿತೆಂದು ಅದೇ ಟಿಕೆಟಿನಲ್ಲಿ ಎಕ್ಸ್‌ಪ್ರೆಸ್ ಹತ್ತಬೇಡಿ, ಸಾಮಾನ್ಯ ದರದ ಟಿಕೆಟ್ ಅಲ್ಲಿ ನಡೆಯದು. ಮಾಸಿಕ ಪಾಸ್ ಇದ್ದರೆ ಈ ತಾಪತ್ರಯವಿಲ್ಲ, ಸೂಪರ್‌ಫಾಸ್ಟ್ ಅಲ್ಲದ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಯಲ್ಲೂ ನಡೆಯುತ್ತದೆ. ಹೊಸ ರೈಲಿನ ಮೊದಲ ತಿಂಗಳಿಗೆ ಪಾಸೇ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕಾಗಿ.

ಪತ್ರಿಕೆಯಲ್ಲಿ ಬರುವ ನೈರುತ್ಯ ರೈಲ್ವೆಯ ಪ್ರಕಟಣೆಗಳನ್ನು ತಪ್ಪದೆ ಓದಿ. ‘ಭಾಗಶಃ ರದ್ದು’ ಎಂದರೆ ರೈಲು ನಡುವಿನ ನಿಲ್ದಾಣದಲ್ಲೇ ನಿಂತು ಹಿಂತಿರುಗುತ್ತದೆ. ‘ಮಾರ್ಗಮಧ್ಯೆ 30 ನಿಮಿಷ ನಿಯಂತ್ರಣ’ ಎಂದರೆ ಅಷ್ಟು ಹೊತ್ತು ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ, ಆ ದಿನ ಬಸ್ಸೇ ಲೇಸು. ಮೊಬೈಲ್ ಆ್ಯಪ್‌ಗಳ ಬಗ್ಗೆ ಒಂದೇ ಮಾತು: ಉಪಗ್ರಹದಿಂದ ರೈಲಿನ ಸ್ಥಾನ ತಿಳಿಸುವ ಸಾಧನವನ್ನು ಹಲವು ಎಂಜಿನ್‌ಗಳಿಗೆ ಅಳವಡಿಸಿದ್ದಾರೆ, ಅದಿಲ್ಲದ ರೈಲಿನ ಸ್ಥಾನ ನಿಲ್ದಾಣಗಳಿಂದ ಬರುವ ಮಾಹಿತಿಯನ್ನು ನೆಚ್ಚಿಕೊಂಡಿರುತ್ತದೆ. ಹಾಗಾಗಿ ಎರಡು ನಿಲ್ದಾಣಗಳ ನಡುವೆ ತೋರಿಸುವ ಸ್ಥಾನವನ್ನು ಪೂರ್ತಿ ನಂಬಬೇಡಿ.

ತಡವಾಗುತ್ತದೆಂದು ರೈಲನ್ನೇ ಬಿಟ್ಟುಬಿಡಬೇಡಿ ಎಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. 2021ರ ಜನವರಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಬಳಿ ಹಾಲ್ಟ್ ತೆರೆದು ರೈಲುಗಳನ್ನು ಬಿಟ್ಟರು. ಪ್ರಯಾಣಿಕರು ಕಡಿಮೆ ಎಂಬ ಕಾರಣಕ್ಕೆ ಅವುಗಳಲ್ಲಿ ಕೆಲವು ರದ್ದಾದವು. ಸಮಯ ಸರಿಯಿಲ್ಲದ್ದರಿಂದ ಜನ ಬರುವುದಿಲ್ಲ, ಜನ ಬಾರದ್ದರಿಂದ ರೈಲು ಉಳಿಯುವುದಿಲ್ಲ. ಬೆಂಗಳೂರಿನ 148 ಕಿ.ಮೀ. ಉಪನಗರ ರೈಲು ಯೋಜನೆಗೆ 2020ರಲ್ಲೇ ಅನುಮೋದನೆ ಸಿಕ್ಕಿದ್ದರೂ ಅದರ ಹಳಿಯ ಮೇಲೆ ಇನ್ನೂ ರೈಲು ಓಡಿಲ್ಲ. ಅಲ್ಲಿಯವರೆಗೆ ಸುತ್ತಲಿನ ಊರಿನವರಿಗೆ ಮೆಮುವೇ ಆಸರೆ. ಖಾಲಿ ಬೋಗಿಗಳನ್ನು ತೋರಿಸಿ ಅದನ್ನು ಕಿತ್ತುಕೊಳ್ಳಲು ನಾವು ಅವಕಾಶ ಕೊಡಬಾರದು.

ದೂರು ಕೊಡುವಾಗ ‘ರೈಲು ದಿನಾ ಲೇಟು’ ಎಂದು ಬರೆಯಬೇಡಿ. ಒಂದು ದಿನದ ತೊಂದರೆಗೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಅಥವಾ ರೈಲ್ವೆಯ ದೂರು ತಾಣವಾದ ರೈಲ್ ಮದದ್‌ನಲ್ಲಿ ದಾಖಲಿಸಿ, ಅದು ಕೊಡುವ ಸಂಖ್ಯೆಯನ್ನು ಅದೇ ಪುಸ್ತಕದಲ್ಲಿ ಬರೆದಿಡಿ. ತಿಂಗಳುಗಟ್ಟಲೆಯ ತೊಂದರೆಗೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಮನವಿ ಕೊಡಿ, ಒಬ್ಬರೇ ಹೋಗುವ ಬದಲು ಪ್ರಯಾಣಿಕರ ವೇದಿಕೆಯ ಮೂಲಕ ಹೋಗಿ. ಒಂದೇ ಬೇಡಿಕೆ ಇಡಿ: ಹೊರಡುವ ಸಮಯವನ್ನು ಹತ್ತು ನಿಮಿಷ ಬದಲಿಸಿ ಎಂದೋ, 8 ಬೋಗಿಯ ರೇಕ್ ಈ ಹೊತ್ತಿಗೆ ಬೇಡ ಎಂದೋ. 2025ರ ವೇಳಾಪಟ್ಟಿ ಜನವರಿ 1ರಿಂದ ಜಾರಿಗೆ ಬಂದಿತ್ತು, ಅಂಥ ಬದಲಾವಣೆಗೆ ಮನವಿ ಕೆಲವು ತಿಂಗಳು ಮುಂಚೆಯೇ ತಲುಪಿರಬೇಕು.

ಮನವಿಗೆ ಬಲ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು, ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲೇ ಸಲ್ಲಿಸಬಹುದು. ‘ಏಕೆ ತಡವಾಗುತ್ತದೆ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಬಹುದು. ರೈಲಿನ ಸಂಖ್ಯೆ ಮತ್ತು ತಿಂಗಳನ್ನು ಬರೆದು, ಚಿಕ್ಕಬಾಣಾವರ ಹಾಗೂ ಯಶವಂತಪುರಕ್ಕೆ ಅದು ದಿನವಾರು ಬಂದ ಮತ್ತು ಹೊರಟ ಸಮಯ, ತಡಕ್ಕೆ ದಾಖಲಾಗಿರುವ ಕಾರಣ, ಓಡಿಸಿದ ಬೋಗಿಗಳ ಸಂಖ್ಯೆ, ಈ ದಾಖಲೆಗಳ ಪ್ರತಿ ಕೊಡಿ ಎಂದು ಕೇಳಿ. ಉತ್ತರ ಬಂದ ಮೇಲೆ ನಿಮ್ಮ ಪುಸ್ತಕದ ಪುಟಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ, ಹೊಂದದ ತಾರೀಕುಗಳಿಗೆ ಗುರುತು ಹಾಕಿ ಮನವಿಯೊಂದಿಗೆ ಲಗತ್ತಿಸಿ.